ಬೀಗರ ಹೆಗಲ ಮೇಲಿನ ಚೀಲ

ಆಗಸ್ಟ್ 23, ಮಡಕಶಿರ

ಸಿಟ್ಟು ಬಂದಾಗ ಬಾಯಿ ಬಿಡುವ ಬದಲು ಬರೆದು ಹಾಕು ಎಂದು ನಾಗಕ್ಕ ಈ ಪುಸ್ತಕ ತಂದುಕೊಟ್ಟಿದ್ದಾಳೆ. ಹೆಂಡತಿಯ ಅಪ್ಪಣೆ. ಸರಿ, ಬರೆಯುತ್ತೇನೆ. ಭೀಮೇಶ್ ಸೋಮಾರಿ, ಉಪಕಾರ ಗೊತ್ತಿಲ್ಲದವನು, ಕತ್ತೆ.

ಮೈಸೂರಿನ ಟೂರ್ನಿಯ ಕೊನೆಯ ದಿನ ಆಟದ ನಡುವೆಯೇ ನನ್ನ ಗಾಲ್ಫ್ ಚೀಲವನ್ನು ಹುಲ್ಲಿನ ಮೇಲೆ ಇಳಿಸಿ, ತನ್ನ ಟೋಪಿ ತೆಗೆದು ಅದರ ಮೇಲಿಟ್ಟು, ಹಿಂದೆ ತಿರುಗಿ ನೋಡದೆ ಹೊರಟುಹೋದ. ಕ್ಯಾಡಿ ಎಂದ ಮೇಲೆ ಚೀಲ ಹೊರುವುದು, ಕೇಳಿದ ಕೋಲು ಕೊಡುವುದು, ಬಾಯಿ ಮುಚ್ಚಿಕೊಂಡಿರುವುದು. ನಾನು ಅಂದದ್ದಾದರೂ ಏನು? ಗಾಳಿ ನೋಡದೆ ಕೋಲು ಕೊಟ್ಟ, ಚೆಂಡು ನೀರಿಗೆ ಬಿತ್ತು. ಅವನಪ್ಪನಿಂದ ಹಿಡಿದು ಮುತ್ತಾತನವರೆಗೆ ಎಲ್ಲರನ್ನೂ ವಿಚಾರಿಸಿದೆ. ಅಷ್ಟೇ. ಉಳಿದ ಆಟಕ್ಕೆ ಚೀಲ ನಾನೇ ಹೊತ್ತೆ. ಐವತ್ತಾರರ ಮುದುಕ ಏದುಸಿರು ಬಿಡುತ್ತ ಬರುವುದನ್ನು ನೋಡಿ ಜೊತೆಯ ಆಟಗಾರರು ಆಚೆ ತಿರುಗಿ ನಕ್ಕರು. ಇವನಿಗೂ ಮೊದಲು ನನ್ನನ್ನು ಬಿಟ್ಟುಹೋದ ಕ್ಯಾಡಿಗಳ ಹೆಸರನ್ನೆಲ್ಲ ಬರೆಯುವುದಿಲ್ಲ. ಪುಸ್ತಕ ಚಿಕ್ಕದು.

ಐವತ್ತು ದಾಟಿದ ವೃತ್ತಿ ಆಟಗಾರರ ಈ ಸೀನಿಯರ್ ಟೂರಿನಲ್ಲಿ ನಾನೀಗ ಇಪ್ಪತ್ತೊಂಬತ್ತನೆಯವನು. ಡಿಸೆಂಬರಿನಲ್ಲಿ ಸೀಸನ್ ಮುಗಿದಾಗ ಮೊದಲ ಇಪ್ಪತ್ತರಲ್ಲಿ ಇದ್ದವರಿಗೆ ಮುಂದಿನ ವರ್ಷವೂ ಆಡುವ ಕಾರ್ಡ್. ಉಳಿದವರು ಜನವರಿಯಲ್ಲಿ ಹೊಸಬರ ಜೊತೆ ಸಾಲಿನಲ್ಲಿ ನಿಂತು ಅರ್ಹತಾ ಸುತ್ತು ಆಡಬೇಕು. ಅಲ್ಲೂ ಸೋತರೆ ನಾನು ನಾಗಕ್ಕನ ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹಾಕುವವನು, ಅಷ್ಟೇ. ರೊಳ್ಳ ಊರಿನ ಕುರಿಯವರ ಮಗ ನಾನು ಬೆಂಗಳೂರಿಗೆ ಹೋಗಿ, ದೊಡ್ಡವರ ಚೀಲ ಹೊತ್ತು, ಅವರ ಆಟ ಕದ್ದು ಕಲಿತದ್ದು ಸೊಪ್ಪು ಹೆಚ್ಚುವುದಕ್ಕಲ್ಲ. ಇಪ್ಪತ್ತರೊಳಗೆ ಬರುತ್ತೇನೆ. ಬಂದೇ ಬರುತ್ತೇನೆ.

ಆಗಸ್ಟ್ 31

ಬೆಳಿಗ್ಗೆ ಕೆರೆಯಂಗಳದಲ್ಲಿ ಅಭ್ಯಾಸ ಮುಗಿಸಿ ಚೀಲ ಹೊತ್ತು ಬರುತ್ತಿದ್ದೆ. ಬಸ್ ನಿಲ್ದಾಣದ ಎದುರಿಗೇ ರಾಯದುರ್ಗದ ಬೀಗರು ಸಿಕ್ಕರು. ಬೀಗರು ಅಂದರೆ ನನ್ನ ಮಗಳು ಜ್ಯೋತಿಯ ಮಾವ, ಪಾಲಯ್ಯನವರು. ಸೊಸೆಯನ್ನು ನಾಲ್ಕು ದಿನ ತವರಿಗೆ ಬಿಟ್ಟುಹೋಗಲು ತಾವೇ ಕರೆದುಕೊಂಡು ಬಂದಿದ್ದರು. ನನ್ನ ಹೆಗಲ ಮೇಲಿನ ಚೀಲ ನೋಡಿದ್ದೇ ತಡ, ಓಡಿ ಬಂದು ಅದರ ಪಟ್ಟಿಗೆ ಕೈ ಹಾಕಿದರು.

“ಏನ್ರಿ ಬೀಗ್ರ, ಇಷ್ಟು ದೊಡ್ಡ ಮೂಟಿ ನೀವ ಹೊರೋದು? ಕೊಡ್ರಿ ಇಲ್ಲಿ.”

“ಅಯ್ಯೋ ಬಿಡಿ ಬೀಗ್ರೆ, ನಿಮ್ಮ ಕೈಲಿ ಹೊರಿಸ್ತೀನಾ?”

“ನೀವು ಹೊರಸ್ಬ್ಯಾಡ್ರಿ. ನಾನ ಹೊರ್ತೀನಿ.”

ಅವರು ಆ ಕಡೆಗೆ ಎಳೆದರು, ನಾನು ಈ ಕಡೆಗೆ ಎಳೆದೆ. ಹೆಣ್ಣು ಕೊಟ್ಟವನು ನಾನು. ಗಂಡಿನ ತಂದೆಯ ಹೆಗಲಿಗೆ ನನ್ನ ಹೊರೆ ಹಾಕಿದರೆ ನೋಡಿದವರು ಏನೆಂದುಕೊಂಡಾರು! ಬೀಗರಿಬ್ಬರು ಬಸ್ ಟಿಕೆಟ್ಟಿಗೆ ಕಿತ್ತಾಡುವುದನ್ನು ಮಡಕಶಿರ ಎಷ್ಟೋ ಸಲ ನೋಡಿದೆ. ಗಾಲ್ಫ್ ಚೀಲಕ್ಕೆ ಕಿತ್ತಾಡುವುದನ್ನು ಇವತ್ತು ನೋಡಿತು. ಕೋಲುಗಳು ರಸ್ತೆಗೆ ಬಿದ್ದವು, ಆಟೋದವನು ಬ್ರೇಕ್ ಹಾಕಿ ಬೈದ. ಕೊನೆಗೆ ಚೀಲ ಅವರ ಹೆಗಲ ಮೇಲೆಯೇ ಮನೆ ಸೇರಿತು. ನಾನು ಸೊಸೆ ತಂದವನಂತೆ ಕೈ ಬೀಸಿಕೊಂಡು ಹಿಂದೆ ಬಂದೆ. ನನ್ನ ಮಾನ ಹೋಯಿತು.

ಸೆಪ್ಟೆಂಬರ್ 2

ಬೀಗರು ಊರಿಗೆ ಹೋದ ಮೇಲೆ ಜ್ಯೋತಿ ಒಲೆಯ ಪಕ್ಕ ಕುಳಿತು ಹೇಳಿದಳು.

“ಅಪ್ಪಾ, ಮಂಡಿ ನೋವು ಅಂತ ಕುರಿ ಮಾರಿದ್ರಲ್ಲ, ಆವತ್ತಿಂದ ಮಾವ ಬಾಗಿಲಲ್ಲಿ ಕೂತೋರು ಏಳಲ್ಲ. ಅನ್ನ ಸೇರಲ್ಲ. ನಮ್ಮನೆಯೋರು ಜೀನ್ಸ್ ಹೊಲಿಯೋ ಕಡೆ ಮಾವ ಹೋದ್ರೆ, ಅಡ್ಡ ಬರಬೇಡಪ್ಪ ಅಂತ ಅವರೂ ಗದರ್ತಾರೆ. ನಿನ್ನ ಚೀಲ ಹೊತ್ತ ದಿನ ಅವರ ಮುಖ ನೋಡಬೇಕಿತ್ತು ನೀನು. ಒಂದೇ ಒಂದು ಸಲ ಕರ್ಕೊಂಡು ಹೋಗು.”

“ಮಂಡಿ ನೋವಿರೋರು ಇಡೀ ಮೈದಾನ ನಡೀತಾರಾ?”

“ಅದು ಕೂತು ಕೂತು ಬಂದ ನೋವು. ನಡೆದ್ರೆ ಹೋಗುತ್ತೆ.”

ಮುಂದಿನ ಪುಣೆ ಟೂರ್ನಿಗೆ ಬೇರೆ ಕ್ಯಾಡಿ ಸಿಕ್ಕಿಲ್ಲ. ನನ್ನ ಹೆಸರು ಹೇಳಿದರೆ ಫೋನ್ ಇಡುತ್ತಾರೆ. ಒಂದು ಟೂರ್ನಿಗೆ ಮಾತ್ರ ಎಂದು ಒಪ್ಪಿದ್ದೇನೆ. ಮಗಳ ಮುಖ ನೋಡಿ ಒಪ್ಪಿದ್ದು, ಇದು ಎಲ್ಲರಿಗೂ ಗೊತ್ತಿರಲಿ.

ಈಗ ನಿಯಮ ಕಲಿಸಬೇಕು. ನಾನೇ ನೇರವಾಗಿ ಹಾಗೆ ನಿಲ್ಲಿ, ಹೀಗೆ ಮಾಡಿ ಎಂದರೆ ಬೀಗರಿಗೆ ಹುಕುಂ ಕೊಟ್ಟಂತೆ. ಅದಕ್ಕೆ ನಾನು ನಾಗಕ್ಕನಿಗೆ ಹೇಳುವುದು, ಅವಳು ಫೋನಿನಲ್ಲಿ ಬೀಗಿತ್ತಿ ಚಿನ್ನಕ್ಕನಿಗೆ ಹೇಳುವುದು, ಚಿನ್ನಕ್ಕ ತನ್ನ ಗಂಡನಿಗೆ ಹೇಳುವುದು. ಹೊಡೆಯುವಾಗ ಮಾತಾಡಬಾರದು ಎಂಬ ನಿಯಮ ರಾಯದುರ್ಗಕ್ಕೆ ಹೋಗಿ “ಕೆಮ್ಮು ಬಂದ್ರ?” ಎಂಬ ಪ್ರಶ್ನೆಯಾಗಿ ವಾಪಸು ಬಂತು. ತಡೆದುಕೊಳ್ಳಬೇಕು ಎಂದು ಕಳಿಸಿದೆ. ಮರಳಿನ ಗುಂಡಿಯಲ್ಲಿ ಹೆಜ್ಜೆ ಬಿದ್ದರೆ ಕುಂಟೆಯಿಂದ ಎಳೆದು ಸಮ ಮಾಡಬೇಕು ಎಂದೆ. “ಬಿತ್ತಾಕೇನ್ರಿ?” ಎಂದು ಬಂತು. ನಾಗಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನನಗೆ ನಗು ಬರಲಿಲ್ಲ.

ಸೆಪ್ಟೆಂಬರ್ 11, ಪುಣೆ

ದೇವರೇ, ಈ ಮನುಷ್ಯನನ್ನು ಏನು ಮಾಡಲಿ?

ಕೋಲು ಕೇಳಿದರೆ ಎರಡೂ ಕೈಯಲ್ಲಿ ಹಿಡಿದು ಬಾಗಿ ತಾಂಬೂಲ ಕೊಟ್ಟಂತೆ ಕೊಡುತ್ತಾರೆ. ಅದೂ ಕೇಳಿದ ಕೋಲಲ್ಲ. ಎದುರಾಳಿ ಚೆನ್ನಾಗಿ ಹೊಡೆದರೆ “ಛಲೋ ಆತ್ರಿ!” ಎಂದು ನನಗಿಂತ ಮೊದಲು ಇವರೇ ಚಪ್ಪಾಳೆ. ನನ್ನ ಚೆಂಡು ಮರಳಿಗೆ ಬಿದ್ದಾಗ ಸಮಾಧಾನ ಹೇಳಿದರು: “ಹೋಗ್ಲಿ ಬಿಡ್ರಿ ಬೀಗ್ರ. ಚೆಂಡೇನು ಕಳೀಲಿಲ್ಲಲ್ಲ.”

ಇದೇ ಮಾತು ಭೀಮೇಶನ ಬಾಯಿಂದ ಬಂದಿದ್ದರೆ ಅವನನ್ನು ಆ ಮರಳಿನಲ್ಲೇ ಹೂಳುತ್ತಿದ್ದೆ. ಇವರು ಬೀಗರು. ನಾನು ಇಲ್ಲಿ ಒಂದು ಮಾತು ಎತ್ತರಿಸಿ ಆಡಿದರೆ ಅಲ್ಲಿ ನನ್ನ ಮಗಳು ತಲೆ ತಗ್ಗಿಸಬೇಕಾಗುತ್ತದೆ. “ಹೌದು ಬೀಗ್ರೆ, ಕಳೀಲಿಲ್ಲ” ಎಂದೆ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿದೆ. ಹಾಗೆಯೇ ಮರಳಿಗೆ ಇಳಿದು ಹೊಡೆದೆ, ಚೆಂಡು ಕುಳಿಯ ಪಕ್ಕಕ್ಕೇ ಬಂದು ನಿಂತಿತು.

ಬೈಗುಳವೆಲ್ಲ ಹೊಟ್ಟೆಯೊಳಗೇ ಉಳಿದಿದೆ. ಬರೆದು ಹಾಕೋಣ ಎಂದು ಕೂತೆ, ಈಗ ಒಂದೂ ನೆನಪಾಗುತ್ತಿಲ್ಲ. ನಿದ್ದೆ ಬರುತ್ತಿದೆ.

ಸೆಪ್ಟೆಂಬರ್ 13, ಪುಣೆ

ಆರನೆಯ ಸ್ಥಾನ. ಈ ವರ್ಷ ಇಷ್ಟು ಮೇಲೆ ಬಂದಿರಲಿಲ್ಲ. ಕುಳಿಯ ಸುತ್ತಿನ ಹುಲ್ಲು ಪುಣೆಯಲ್ಲಿ ನಿಧಾನ, ಅದು ನನ್ನ ಕೈಗೆ ಹೊಂದುತ್ತದೆ. ಅದೇ ಕಾರಣ. ಬೇರೇನೂ ಇರಲಾರದು.

ಅಕ್ಟೋಬರ್ 5, ಕೋಲ್ಕತ್ತ

ಭೀಮೇಶ್ ಸಿಗುವವರೆಗೆ ಇರಲಿ ಎಂದು ಬೀಗರನ್ನು ಇಲ್ಲಿಗೂ ಕರೆತಂದಿದ್ದೇನೆ. ರೈಲಿನಲ್ಲಿ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ, ಈರುಳ್ಳಿ. ಡಬ್ಬಿಯಲ್ಲಿದ್ದದ್ದನ್ನು ಎದುರು ಸೀಟಿನವರಿಗೂ ಹಂಚಿ, ಬಾರದ ಭಾಷೆಯಲ್ಲಿ ಅವರ ಮನೆಯವರ ಯೋಗಕ್ಷೇಮ ವಿಚಾರಿಸಿದರು. ಇಲ್ಲಿಯ ಕ್ಯಾಡಿಗಳೆಲ್ಲ ಅವರನ್ನು ‘ಬೀಗ್ರು’ ಎಂದೇ ಕರೆಯುತ್ತಾರೆ. ಅದು ಹೆಸರು ಅಂದುಕೊಂಡಿದ್ದಾರೆ.

ಮೊದಲ ದಿನ ಕೆಟ್ಟಿತು. ಎರಡನೆಯ ದಿನ ನಾವು ಬರೀ ಅರವತ್ತೊಂಬತ್ತು ಹೊಡೆತಕ್ಕೆ ಸುತ್ತು ಮುಗಿಸಿದೆವು. ಕೋಲು ಈಗ ಹೆಚ್ಚುಕಡಿಮೆ ಕೇಳಿದ್ದೇ ಬರುತ್ತದೆ. ಮರಳನ್ನು ಮಾತ್ರ ಮೊದಲಿನಿಂದಲೂ ಯಾರೂ ಎಳೆಯದಷ್ಟು ಅಚ್ಚುಕಟ್ಟಾಗಿ ಎಳೆಯುತ್ತಾರೆ, ಇನ್ನೇನು ಶೇಂಗಾ ಬಿತ್ತಬೇಕು.

ಸಂಜೆ ಭೀಮೇಶನ ಮೆಸೇಜು ಬಂದಿತ್ತು. “ಅಣ್ಣಾ ತಪ್ಪಾಯ್ತು, ಕರೆದ್ರೆ ಬರ್ತೀನಿ.” ಉತ್ತರ ಬರೆಯಲು ಕೂತೆ. ಅಷ್ಟರಲ್ಲಿ ಬೀಗರು ಊಟಕ್ಕೆ ಕರೆದರು, ಮರೆತೆ.

ಅಕ್ಟೋಬರ್ 23, ರಾಯದುರ್ಗ

ದೀಪಾವಳಿಗೆ ಬೀಗರ ಮನೆಗೆ ಬಂದಿದ್ದೇವೆ. ಅಳಿಯ ಗೋಪಿ ತನ್ನ ಕಾರ್ಖಾನೆಯ ಜೀನ್ಸ್ ಬಟ್ಟೆಯಲ್ಲಿ ಅಪ್ಪನಿಗೆ ಒಂದು ಮೇಲಂಗಿ ಹೊಲಿದಿದ್ದಾನೆ. ಬೆನ್ನ ಮೇಲೆ ಕೆಂಪು ದಾರದಲ್ಲಿ ‘ಲಕ್ಷ್ಮೀನರಸಪ್ಪ’ ಎಂದು ನನ್ನ ಹೆಸರು. ಕ್ಯಾಡಿಗಳು ಹಾಗೆ ಆಟಗಾರನ ಹೆಸರು ಹೊತ್ತಿರುತ್ತಾರೆಂದು ಯಾರೋ ಫೋನಿನಲ್ಲಿ ತೋರಿಸಿದರಂತೆ. ಪಾಲಯ್ಯನವರು ಅದನ್ನು ಹಾಕಿಕೊಂಡೇ ಅಂಗಡಿ ಬೀದಿಗೆ ಹೋಗಿ ಬೆಲ್ಲ ತಂದರು.

ಊಟಕ್ಕೆ ಕೂತಾಗ ಚಿನ್ನಕ್ಕ ಹೋಳಿಗೆ ಬಡಿಸುತ್ತ ಹೇಳಿದರು: “ಮನ್ಯಾಗ ಬರೇ ನಿಮ್ಮ ಮಾತ ನೋಡ್ರಿ. ನಮ್ಮ ಬೀಗ್ರು ಭಾಳ ತಣ್ಣನ ಮನ್ಷಾ, ಒಂದು ಮಾತು ಸೈತ ಏರಿಸಿ ಆಡಂಗಿಲ್ಲ ಅಂತಾರ.”

ನಾಗಕ್ಕನಿಗೆ ಹೋಳಿಗೆ ನೆತ್ತಿಗೇರಿ, ಜ್ಯೋತಿ ಎದ್ದು ಬೆನ್ನು ತಟ್ಟಬೇಕಾಯಿತು. ಅದರಲ್ಲಿ ಕೆಮ್ಮುವಂಥದ್ದು ಏನಿತ್ತೋ ಗೊತ್ತಾಗಲಿಲ್ಲ.

ಪಾಲಯ್ಯನವರು ಎರಡು ಸಲ ಅನ್ನ ಹಾಕಿಸಿಕೊಂಡರು. ಜ್ಯೋತಿ ನನ್ನ ಕಡೆ ನೋಡಿ ಹುಬ್ಬು ಕುಣಿಸಿದಳು.

ನವೆಂಬರ್ 14, ಹೈದರಾಬಾದ್

ಟೂರಿನ ಪಟ್ಟಿಯಲ್ಲಿ ಇಪ್ಪತ್ತೆರಡನೆಯ ಸ್ಥಾನಕ್ಕೆ ಬಂದಿದ್ದೇನೆ. ಇಪ್ಪತ್ತಕ್ಕೆ ಬರಬಹುದಿತ್ತು. ಕೊನೆಯ ಹೋಲ್‌ನಲ್ಲಿ ಮಕ್ಕಳೂ ತಪ್ಪದ ದೂರದಿಂದ ತಪ್ಪಿದೆ. ಚೆಂಡು ಕುಳಿಯ ತುಟಿಯ ಮೇಲೆ ಕೂತು ನನ್ನನ್ನೇ ನೋಡಿತು.

ಬೀಗರು ಕುಳಿಯಿಂದ ತೆಗೆದ ಬಾವುಟ ಹಿಡಿದು ನಿಂತಿದ್ದರು. ಹೊರಗೆ ಬರುವಾಗ ಕೇಳಿದರು:

“ನಾ ಏನರ ತಪ್ಪು ಮಾಡಿದ್ನೇನ್ರಿ?”

“ಇಲ್ಲ ಬೀಗ್ರೆ.”

“ಇದ್ರ ಹೇಳ್ರಿ ಮತ್ತ.”

“ಏನೂ ಇಲ್ಲ ಬನ್ನಿ.”

ನಿಜ ಹೇಳಬೇಕೆಂದರೆ ಅವರು ನಿಂತ ಜಾಗ ಸರಿ ಇರಲಿಲ್ಲ. ನೆರಳು ಕಣ್ಣಂಚಿಗೆ ಬರುತ್ತಿತ್ತು. ಆದರೆ ತಪ್ಪಿದ್ದು ನೆರಳಿನಿಂದಲ್ಲ, ನನ್ನ ಕೈಯಿಂದ. ಹೇಳಿ ಏನು ಪ್ರಯೋಜನ? ಹೋಟೆಲಿನವರೆಗೆ ಅವರು ನನ್ನ ಹಿಂದೆ ಎಂದಿಗಿಂತ ಸ್ವಲ್ಪ ದೂರದಲ್ಲೇ ನಡೆದು ಬಂದರು. ಒಳ್ಳೆಯದೇ ಆಯಿತು, ನಮ್ಮ ನಡುವೆ ಮರ್ಯಾದೆ ಇದೆ.

ನವೆಂಬರ್ 29, ಮಡಕಶಿರ

ಹೊಡೆದೆ, ಹೊಡೆದೆ, ಹೊಡೆದೆ. ರೇಷ್ಮೆ ಹುಳುಗಳು ಪೊರೆ ಕಳಚುವ ನಾಲ್ಕನೆಯ ನಿದ್ದೆಯಿಂದ ಎದ್ದು ಸೊಪ್ಪು ಮುಕ್ಕುತ್ತಿವೆ, ಸದ್ದು ಕೋಣೆಯ ಹೊರಗೂ ಕೇಳುತ್ತದೆ. ನಾನೂ ಹಾಗೇ ಹಸಿದಿದ್ದೇನೆ.

“ಈ ಸಲ ಒಂದ್ ಕೋಲೂ ಮುರಿದು ತಂದಿಲ್ವಲ್ಲ?” ಎಂದಳು ನಾಗಕ್ಕ. ಈಗಿನ ಕೋಲುಗಳು ಗಟ್ಟಿ ಎಂದೆ.

ಉಳಿದದ್ದು ಬೆಂಗಳೂರಿನ ಟೂರ್ನಿ ಒಂದೇ. ಅದರಲ್ಲಿ ಮೊದಲ ಹತ್ತರೊಳಗೆ ಮುಗಿಸಿದರೆ ಕಾರ್ಡ್ ಉಳಿಯುತ್ತದೆ ಎಂದು ಲೆಕ್ಕ ಬಲ್ಲವರು ಹೇಳಿದ್ದಾರೆ. ಹತ್ತರೊಳಗೆ ಮುಗಿಸುತ್ತೇನೆ.

ಡಿಸೆಂಬರ್ 5, ಬೆಂಗಳೂರು

ನಿನ್ನೆಯಿಂದ ಜಿಟಿಜಿಟಿ ಮಳೆ. ಈ ಸೀಸನ್ನಿನಲ್ಲಿ ಮಳೆಯಲ್ಲಿ ಆಡಿದ್ದೇ ಇಲ್ಲ, ಚೀಲದೊಳಗಿನ ಛತ್ರಿ ಮೊದಲ ಸಲ ಬಿಚ್ಚಿಕೊಂಡಿತು. ಪಾಲಯ್ಯನವರು ಅದನ್ನು ನನ್ನ ತಲೆಯ ಮೇಲೆ ಹಿಡಿದು, ತಾವು ನೆನೆಯುತ್ತ ನಡೆದರು. ಬನ್ನಿ ಒಳಗೆ ಎಂದರೆ ಬರುವುದಿಲ್ಲ. ಒಬ್ಬರಿಗೊಬ್ಬರು “ನೀವೂ ಬನ್ನಿ”, “ನೀವ ಇರ್ರಿ” ಎನ್ನುತ್ತ ಹದಿನೆಂಟು ಹೋಲ್ ಮುಗಿಸಿದೆವು.

ನಾವು ಏಳನೆಯ ಸ್ಥಾನದಲ್ಲಿದ್ದೇವೆ. ನಾಳೆ ಕೊನೆಯ ಸುತ್ತು. ಎರಡೂ ಮನೆಯವರು ವ್ಯಾನ್ ಮಾಡಿಕೊಂಡು ನೋಡಲು ಬರುತ್ತಾರಂತೆ.

ಡಿಸೆಂಬರ್ 6, ಬೆಂಗಳೂರು

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹದಿನೇಳು ಹೋಲ್ ಒಂದೂ ತಪ್ಪಿಲ್ಲದೆ ಆಡಿದೆ. ಕೈ ನನ್ನದಾಗಿತ್ತು, ಉಸಿರು ನನ್ನದಾಗಿತ್ತು. ಹದಿನೆಂಟನೆಯದರಲ್ಲಿ ಚೆಂಡು ಕುಳಿಯಿಂದ ಒಂದು ಮಾರು ದೂರದಲ್ಲಿ ನಿಂತಿತು. ಅದನ್ನು ಒಳಗೆ ತಳ್ಳಿದರೆ ಎಂಟನೆಯ ಸ್ಥಾನ, ಕಾರ್ಡ್, ಮುಂದಿನ ವರ್ಷ. ಹಗ್ಗದ ಆಚೆ ನಾಗಕ್ಕ, ಜ್ಯೋತಿ, ಚಿನ್ನಕ್ಕ ಒಂದೇ ಪ್ಲಾಸ್ಟಿಕ್ ಹಾಳೆ ಹೊದ್ದು ನಿಂತಿದ್ದರು. ಗೋಪಿ ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದ, ಅಪ್ಪನದು.

ಬಾಗಿ ಕೋಲು ಚೆಂಡಿನ ಹಿಂದೆ ಇಟ್ಟೆ. ಟೋಪಿಯ ಮೇಲೆ ಬೀಳುತ್ತಿದ್ದ ಹನಿ ನಿಂತಿತು. ಮಳೆ ನಿಂತಿರಲಿಲ್ಲ. ಬೀಗರು ಹಿಂದಿನಿಂದ ಮೆಲ್ಲಗೆ ಬಂದು, ಕೈ ಚಾಚಿ ನನ್ನ ಮೇಲೆ ಛತ್ರಿ ಹಿಡಿದಿದ್ದರು.

ಹೊಡೆಯುವಾಗ ಆಟಗಾರನ ಮೇಲೆ ಕ್ಯಾಡಿ ಛತ್ರಿ ಹಿಡಿಯಬಾರದು. ನಡೆಯುವಾಗ ಹಿಡಿಯಬಹುದು, ಹೊಡೆಯುವಾಗ ಇಲ್ಲ. ಹಿಡಿದರೆ ಎರಡು ಹೊಡೆತದ ದಂಡ. ಇದು ನನಗೆ ನನ್ನ ಹೆಸರಿನಷ್ಟು ಚೆನ್ನಾಗಿ ಗೊತ್ತು. ಮೊನ್ನೆಯಿಂದ ಪ್ರತಿ ಹೋಲ್‌ನಲ್ಲೂ ನಾನೇ ಛತ್ರಿ ಇಸಿದುಕೊಂಡು ಪಕ್ಕಕ್ಕಿಟ್ಟು ಹೊಡೆಯುತ್ತಿದ್ದೆ, ಅವರಿಗೆ ಹೇಳಿರಲಿಲ್ಲ. ಇವತ್ತು ಆತುರದಲ್ಲಿ ಇಸಿದುಕೊಳ್ಳುವುದು ಮರೆತಿದ್ದೆ.

ಸರಿಯಿರಿ ಎನ್ನಬೇಕಿತ್ತು. ಒಂದೇ ಮಾತು. ಬಾಯಿ ತೆರೆದೆ ಕೂಡ. ಆಗ ಹಗ್ಗದ ಆಚೆಯವರು ಕಣ್ಣಿಗೆ ಬಿದ್ದರು. ತೊಟ್ಟಿಕ್ಕುತ್ತ ನಿಂತು ನನಗೆ ಛತ್ರಿ ಹಿಡಿದ ಗಂಡಿನ ತಂದೆಯನ್ನು, ಅವರ ಹೆಂಡತಿ ಮಗ ಸೊಸೆಯ ಎದುರಿಗೆ, ಅತ್ತ ಹೋಗಿ ಎನ್ನುವುದು ಹೇಗೆ? ಅವರೇ ಸರಿಯಬಹುದು ಎಂದು ಒಂದು ಉಸಿರಿನಷ್ಟು ಕಾದೆ. ಸರಿಯಲಿಲ್ಲ. ಯಾರು ನೋಡುತ್ತಾರೆ ಎಂದುಕೊಂಡೆ. ತಳ್ಳಿದೆ. ಚೆಂಡು ಒಳಗೆ ಬಿತ್ತು.

ಚಪ್ಪಾಳೆ. ಚಿನ್ನಕ್ಕ ಕೂಗಿದರು. ಪಾಲಯ್ಯನವರ ಮುಖದ ಮೇಲಿದ್ದದ್ದು ಮಳೆಯೋ ಕಣ್ಣೀರೋ, ಎರಡೂ ಇರಬೇಕು.

ರೆಫ್ರಿ ನಡೆದು ಬಂದ. ನಮ್ಮ ಕಡೆಯವನೇ, ಕನ್ನಡದಲ್ಲೇ ಕೇಳಿದ: “ಛತ್ರಿ ನಿಮ್ಮ ಮೇಲಿದ್ದದ್ದು ಗೊತ್ತಿತ್ತಾ ಸಾರ್?”

“ಗೊತ್ತಿತ್ತು.”

“ಹೊಡೆಯೋ ಮುಂಚೆ?”

“ಹೊಡೆಯೋ ಮುಂಚೆ.”

ಎರಡು ಹೊಡೆತ ಸೇರಿಸಿದ. ಮೊದಲ ಹತ್ತರಿಂದ ಆಚೆ ಬಿದ್ದೆ. ಪಾಲಯ್ಯನವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಛತ್ರಿ ನೋಡಿದರು. ಆಮೇಲೆ ಅದನ್ನು ಮಡಚತೊಡಗಿದರು. ಗುಂಡಿ ಸಿಕ್ಕದೆ ಬಹಳ ಹೊತ್ತು ಮಡಚುತ್ತಲೇ ಇದ್ದರು.

ಡಿಸೆಂಬರ್ 7

ಇಪ್ಪತ್ತೊಂದು.

ಡಿಸೆಂಬರ್ 16, ಮಡಕಶಿರ

ಬೀಗರು ಫೋನ್ ಎತ್ತುತ್ತಿಲ್ಲ. ಜ್ಯೋತಿಯನ್ನು ಕೇಳಿದರೆ “ಮಾವ ಮಲಗಿದ್ದಾರೆ” ಎನ್ನುತ್ತಾಳೆ, ಯಾವ ಹೊತ್ತಿನಲ್ಲಿ ಕೇಳಿದರೂ. ನನ್ನ ಹೆಸರಿನ ಜೀನ್ಸ್ ಮೇಲಂಗಿ ಒಗೆದು ಇಸ್ತ್ರಿಯಾಗಿ ಬಸ್ಸಿನವನ ಕೈಯಲ್ಲಿ ನಮ್ಮ ಮನೆಗೆ ಬಂತು. ಜೊತೆಗೆ ಒಂದು ಮಾತಿಲ್ಲ.

ಭೀಮೇಶ್ ಇವತ್ತು ತಾನಾಗಿ ಫೋನ್ ಮಾಡಿದ. ಅರ್ಹತಾ ಸುತ್ತಿಗೆ ಬರುತ್ತಾನಂತೆ. ಆ ಮೈದಾನದ ಇಂಚಿಂಚೂ ಅವನಿಗೆ ಗೊತ್ತು. ಯೋಚಿಸಿ ಹೇಳುತ್ತೇನೆ ಎಂದೆ.

“ಯೋಚನೆ ಏನ್ ಬಂತು?” ನಾಗಕ್ಕ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು. “ಅಲ್ಲಿ ಸೋತ್ರೆ ಕಾರ್ಡ್ ಇಲ್ಲ, ಏನೂ ಇಲ್ಲ. ಭೀಮೇಶಂಗೆ ಹ್ಞೂಂ ಅನ್ನು.”

“ಆಗಲ್ಲ.”

“ಯಾಕೆ?”

ಬೇರೆ ಕೈಯಿಂದ ಕೋಲು ಇಸಿದುಕೊಳ್ಳುವುದನ್ನು ನೆನೆದರೆ ಮೈ ಒಲ್ಲೆ ಎನ್ನುತ್ತದೆ. ಸಂಜೆ ಕೆರೆಯಂಗಳಕ್ಕೆ ಹೋದೆ. ಒಂದು ಚೆಂಡು ಕಳ್ಳಿ ಸಾಲಿಗೆ ಹೋಯಿತು. ಚೆಂಡೇನು ಕಳೆಯಲಿಲ್ಲ ಎನ್ನಲು ಯಾರೂ ಇರಲಿಲ್ಲ.

ಡಿಸೆಂಬರ್ 22, ರಾಯದುರ್ಗ

ಮದುವೆಗೆ ಕರೆಯಲು ಹೋಗುವಂತೆ ಹೋದೆ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಅದರ ಮೇಲೆ ಮಡಚಿದ ಜೀನ್ಸ್ ಅಂಗಿ. ಪಾಲಯ್ಯನವರು ಬಾಗಿಲಲ್ಲೇ ಕುಳಿತಿದ್ದರು. ನನ್ನನ್ನು ನೋಡಿ ಎದ್ದು ಒಳಗೆ ಹೋಗಲು ನೋಡಿದರು. ಚಿನ್ನಕ್ಕ ಅಡ್ಡ ನಿಂತರು.

“ಬೀಗ್ರೆ, ಜನವರಿಯಲ್ಲಿ ಅರ್ಹತಾ ಸುತ್ತು. ನೀವು ಬರಬೇಕು” ಎಂದು ತಟ್ಟೆ ಮುಂದಿಟ್ಟೆ.

ಅವರು ತಟ್ಟೆ ಮುಟ್ಟಲಿಲ್ಲ. “ನಿಮ್ಮ ಕಾರ್ಡ್ ಕಳದವ ನಾನು. ಮತ್ತ್ಯಾಕ ಬರ್ಲಿ?”

“ಕಳೆದದ್ದು ನಾನು. ನನಗೆ ಗೊತ್ತಿತ್ತು.”

“ಅದ ನೋಡ್ರಿ!” ದನಿ ಒಮ್ಮೆಲೇ ಏರಿತು. ಇಷ್ಟು ತಿಂಗಳಲ್ಲಿ ಆ ದನಿ ನಾನು ಕೇಳಿರಲಿಲ್ಲ. “ನಿಮಗ ಗೊತ್ತಿತ್ತು. ಸರಿ ಅತ್ಲಾಗ ಅಂದಿದ್ರ ಸರೀತಿದ್ನಿಲ್ರಿ? ನನಗೇನು ಕಿವಿ ಕೇಳಂಗಿಲ್ಲೇನು? ನನ್ನ ಮರ್ಯಾದಿ ಉಳಸಾಕ ನಿಮ್ಮ ವರ್ಷಾನ ಕಳಕೊಂಡ್ರಿ. ಆ ಮರ್ಯಾದಿ ತಗೊಂಡು ನಾ ಏನ್ ಮಾಡ್ಲಿ ಹೇಳ್ರಿ!”

ಪಕ್ಕದಲ್ಲೇ ಇದ್ದ ಗೋಪಿಯ ಕಾರ್ಖಾನೆಯ ಹೊಲಿಗೆ ಯಂತ್ರಗಳು ನಿಂತವು. ಅವನು ಬಾಗಿಲಿಗೆ ಬಂದ. ಜ್ಯೋತಿ ಲೋಟ ಹಿಡಿದು ನಿಂತಲ್ಲೇ ನಿಂತಳು.

“ಹೈದರಾಬಾದ್‌ನ್ಯಾಗ ಕೇಳಿದೆ, ತಪ್ಪೇನರ ಆತೇನ್ರಿ ಅಂತ. ಏನೂ ಇಲ್ಲ ಅಂದ್ರಿ. ನನ್ನ ನೆರಳು ಬಿದ್ದದ್ದು ನನಗ ಕಾಣ್ಲಿಲ್ಲೇನು? ಭೀಮೇಶಂಗ ಹೆಂಗ ಬೈತಿದ್ರಂತ ಆ ಕ್ಯಾಡಿ ಹುಡುಗ್ರು ಎಲ್ಲಾ ಹೇಳ್ಯಾರ. ಅವ ನಿಮ್ಮ ಮನ್ಷಾ, ಅದಕ್ಕ ಬೈದ್ರಿ. ನನ್ನ ಹೆಂಡ್ತಿ ನನ್ನ ಬೈತಾಳ, ಮಗ ಬೈತಾನ. ನೀವು ಒಬ್ರ ಬೈಲಿಲ್ಲ. ಆ ಮೂಟಿ ಹೊತ್ತು ದೇಶ ಎಲ್ಲಾ ತಿರುಗಿದೆ, ನಿಮಗ ನಾ ಇನ್ನಾ ಊಟಕ್ಕ ಬಂದ ನೆಂಟ.”

ಮರ್ಯಾದೆ ಮರ್ಯಾದೆ ಎಂದು ನಾನು ಇವರನ್ನು ಹೊಸ್ತಿಲ ಆಚೆಯೇ ನಿಲ್ಲಿಸಿದ್ದೆ.

“ನೀವಿಲ್ಲದೆ ನನ್ನ ಕೈಲಿ ಆಗಲ್ಲ ಬೀಗ್ರೆ” ಎಂದೆ. ನಾಲ್ಕು ಜನರ ಎದುರಿಗೆ ಹಾಗೆ ಅನ್ನುತ್ತೇನೆಂದು ನಾನೇ ಅಂದುಕೊಂಡಿರಲಿಲ್ಲ.

ಅವರು ತಟ್ಟೆಯತ್ತ ಬಾಗಿದರು. “ಬೈತೀರೇನು?”

“ಬೀಗರನ್ನ ಹೆಂಗೆ…”

“ಬೈಯದಿದ್ರ ಬರಂಗಿಲ್ಲ.”

“ಬೈತೀನಿ” ಎಂದೆ. ಅವರು ಎಲೆ ಅಡಿಕೆ ಪಕ್ಕಕ್ಕಿಟ್ಟು ಅಂಗಿ ಎತ್ತಿಕೊಂಡರು.

ಜನವರಿ 17, ಬೆಂಗಳೂರು

ಕಾರ್ಡ್ ಸಿಕ್ಕಿತು. ಅರ್ಹತೆ ಪಡೆದವರಲ್ಲಿ ಕೊನೆಯ ಹೆಸರು ನನ್ನದು, ಇರಲಿ. ಅದನ್ನು ಬರೆದಾಯಿತು. ಇನ್ನೊಂದು ವಿಷಯ ಬರೆಯಬೇಕು.

ಮೊದಲ ದಿನ, ಮೊದಲ ಹೊಡೆತ. ಸುತ್ತ ಆಟಗಾರರು, ರೆಫ್ರಿಗಳು. ಪಾಲಯ್ಯ ಚೀಲ ಇಳಿಸಿ ನೇರ ಚೆಂಡಿನ ಮೇಲೆ ನೆರಳು ಬೀಳುವ ಹಾಗೆ ನಿಂತರು. ಇಷ್ಟು ದಿನ ಆಡಿ ಅಷ್ಟೂ ತಿಳಿಯದೇ? “ಬೀಗ್ರೆ, ಸ್ವಲ್ಪ…” ಎಂದೆ. ಅವರು ಕೇಳಿಸಲಿಲ್ಲವೆಂಬಂತೆ ಆಕಾಶ ನೋಡಿದರು. “ಬೀಗ್ರೆ, ಕೊಂಚ ಈ ಕಡೆ…” ಮತ್ತೂ ಆಕಾಶ. ನನ್ನ ಸರದಿಯ ಹೊತ್ತು ಮೀರುತ್ತಿತ್ತು. ಹೊಟ್ಟೆಯಿಂದ ಏನೋ ಎದ್ದು ಬಂತು.

“ಲೇ ಪಾಲಯ್ಯ! ಸರಿಯೋ ಅತ್ಲಾಗೆ!”

ಎಲ್ಲರೂ ತಿರುಗಿದರು. ಪಾಲಯ್ಯ ಒಂದೇ ನೆಗೆತಕ್ಕೆ ಸರಿದ. ಮುಖವೆಲ್ಲ ಹಲ್ಲು. ಚೆಂಡು ನೂಲು ಹಿಡಿದಂತೆ ನೇರ ಹೋಯಿತು. ಮೂರನೆಯ ದಿನ ಕುಂಟೆ ಎಳೆಯಲು ಮರೆತಾಗ, ತಲೆ ಎಲ್ಲಿಟ್ಟು ಬಂದಿದ್ದೀಯೋ ಎಂದೆ. ಆಗ ಯಾರು ತಿರುಗಿದರೆಂದು ನಾನು ನೋಡಲಿಲ್ಲ.

ಜನವರಿ 20, ಮಡಕಶಿರ

ಬೆಳಿಗ್ಗೆ ಜ್ಯೋತಿಯ ಫೋನು. ದನಿ ಬಿಗಿಯಾಗಿತ್ತು.

“ಅಪ್ಪಾ, ನೀನು ಮಾವನ್ನ ಎಲ್ಲಾರ ಎದುರಿಗೆ ಲೇ ಅಂದ್ಯಂತೆ?”

ಮಗಳ ಬಾಳಿಗೆ ನಾನೇ ಕಲ್ಲು ಹಾಕಿದೆನೇ? “ಯಾರಮ್ಮ ಹೇಳಿದ್ದು?”

“ಅವರೇ. ಮೇಲಂಗಿ ಹಾಕ್ಕೊಂಡು ಬೀದಿಯಲ್ಲಿ ಸಿಕ್ಕಿದೋರಿಗೆಲ್ಲ ನಿಲ್ಲಿಸಿ ನಿಲ್ಲಿಸಿ ಹೇಳ್ತಾ ಇದ್ದಾರೆ, ನಮ್ಮ ಬೀಗ್ರು ನನಗೆ ಲೇ ಅಂದ್ರು ಅಂತ.”

ಅವಳ ಹಿಂದಿನಿಂದ ಪಾಲಯ್ಯನ ದನಿ ಕೇಳಿಸಿತು: “ಸರಿಯಾಗಿ ಹೇಳವ್ವಾ! ಎರಡು ಸಲ ಬೈದ್ರು, ಎರಡು ಸಲ!”